ಎಸ್ಟಿಮೇಟ್ ಆಗುವ ಮೊದಲೇ ಹೋಗಿ: ಪರಿಸರ ಯೋಜನೆಗಳಲ್ಲಿ ಜೆಂಡರ್ ತಜ್ಞರ ಕೆಲಸ

ಕೆರೆ ಹೂಳೆತ್ತುವುದು, ಜಲಾನಯನ, ಕುಡಿಯುವ ನೀರು, ಗಿಡ ನೆಡುವುದು. ಇಂಥ ಯಾವುದೇ ದೊಡ್ಡ ಯೋಜನೆಯ ತಂಡದ ಪಟ್ಟಿ ತೆಗೆದು ನೋಡಿ, ಈಗ ‘ಜೆಂಡರ್ ಸ್ಪೆಷಲಿಸ್ಟ್’ ಅಂತ ಒಂದು ಹುದ್ದೆ ಇದ್ದೇ ಇರುತ್ತದೆ. ಯೋಜನೆಯಿಂದ ಹೆಂಗಸರಿಗೆ ಏನಾಗುತ್ತದೆ, ಗಂಡಸರಿಗೆ ಏನಾಗುತ್ತದೆ ಅಂತ ಬೇರೆ ಬೇರೆಯಾಗಿ ನೋಡುವ ತಜ್ಞರು ಇವರು. ಸಾಲ ಕೊಡುವ ಬ್ಯಾಂಕುಗಳು ಕೇಳುತ್ತವೆ. ಹವಾಮಾನ ಯೋಜನೆಗಳಿಗೆ ಹಣ ಕೊಡುವ ಅಂತರರಾಷ್ಟ್ರೀಯ ಹಸಿರು ಹವಾಮಾನ ನಿಧಿಗೆ ಅರ್ಜಿ ಹಾಕಬೇಕಾದರೆ ಜೆಂಡರ್ ಅಧ್ಯಯನ, ಜೆಂಡರ್ ಕ್ರಿಯಾ ಯೋಜನೆ ಎರಡನ್ನೂ ಜೊತೆಗೆ ಇಡಬೇಕು. ಸಮಾಜಕಾರ್ಯ, ಕೃಷಿ, ಅರಣ್ಯ, ಗ್ರಾಮೀಣಾಭಿವೃದ್ಧಿ ಓದಿದವರಿಗೆ ಇಲ್ಲಿ ಕೆಲಸ ಸಿಗುತ್ತದೆ. ಆದರೆ ಸೇರಿಕೊಂಡ ಮೇಲೆ ದಿನಾ ಏನು ಮಾಡಬೇಕು ಅನ್ನುವುದನ್ನು ಯಾರೂ ಕೂತು ಹೇಳಿಕೊಡುವುದಿಲ್ಲ. ಈ ಲೇಖನ ಅದಕ್ಕಾಗಿ.

ನನ್ನ ಮಾತು ಇಷ್ಟೇ. ಊರಲ್ಲಿ ನೀವು ಕಂಡುಕೊಂಡ ಸಂಗತಿ ಎಸ್ಟಿಮೇಟಿನ, ಅಂದರೆ ಕಾಮಗಾರಿಯ ಅಂದಾಜು ಪಟ್ಟಿಯ, ಒಂದು ಸಾಲಾಗಬೇಕು, ಇಲ್ಲವೇ ಸಮಿತಿಯ ಒಂದು ನಿಯಮವಾಗಬೇಕು, ಇಲ್ಲವೇ ಒಂದು ಆದೇಶವಾಗಬೇಕು. ವರದಿಯಲ್ಲಿ ಎಷ್ಟು ಚೆನ್ನಾಗಿ ಬರೆದರೂ ಈ ಮೂರರಲ್ಲಿ ಒಂದಾಗದಿದ್ದರೆ ಆ ಊರಿನ ಹೆಂಗಸರಿಗೆ ಅದರಿಂದ ಏನೂ ಸಿಗುವುದಿಲ್ಲ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಬಯಲುಸೀಮೆಯ ಒಂದು ಕೆರೆ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಸಮುದಾಯ ಆಧಾರಿತ ಕೆರೆ ಯೋಜನೆ ಬಂದಾಗಿನಿಂದ ಕರ್ನಾಟಕದಲ್ಲಿ ಕೆರೆ ಬಳಕೆದಾರರ ಸಂಘ ಅನ್ನುವ ಮಾತು ಊರೂರಿಗೆ ಗೊತ್ತು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲರಿಗೂ ಕಾಣುತ್ತವೆ. ಕೆರೆಯನ್ನು ಯಾರ್ಯಾರು ಯಾವ ಯಾವ ರೀತಿ ಬಳಸುತ್ತಾರೆ ಅನ್ನುವುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದನ್ನು ಕಾಣಿಸುವುದೇ ನಿಮ್ಮ ಕೆಲಸ.

ಮೊದಲು ಕಡತ

ಸೇರಿದ ದಿನ ಕೇಳಬೇಕಾದ ಪ್ರಶ್ನೆ: ಕಡತ ಈಗ ಎಲ್ಲಿದೆ? ಡಿಪಿಆರ್ (ವಿವರವಾದ ಯೋಜನಾ ವರದಿ) ಇನ್ನೂ ತಯಾರಾಗುತ್ತಿದೆಯಾ, ತಾಂತ್ರಿಕ ಮಂಜೂರಾತಿ ಆಗಿದೆಯಾ, ಟೆಂಡರ್ ಕರೆದಾಗಿದೆಯಾ? ಡಿಪಿಆರ್ ಹಂತದಲ್ಲಿದ್ದರೆ ನಿಮ್ಮ ಮಾತಿಗೆ ಬೆಲೆ ಇದೆ. ಟೆಂಡರ್ ಆದಮೇಲೆ ಒಂದು ಮೆಟ್ಟಿಲು ಸೇರಿಸಬೇಕೆಂದರೂ ಪರಿಷ್ಕೃತ ಅಂದಾಜು ಬೇಕು. ಅದಕ್ಕೆ ಯಾರೂ ಒಪ್ಪುವುದಿಲ್ಲ. ಹಾಗಾಗಿಯೇ ಈ ಲೇಖನಕ್ಕೆ ಆ ತಲೆಬರಹ.

ಕಡತ ಓದುವಾಗ ಎಲ್ಲರೂ ‘ಸಾಮಾಜಿಕ ಅಂಶಗಳು’ ಅನ್ನುವ ಅಧ್ಯಾಯವನ್ನು ಮೊದಲು ತೆಗೆಯುತ್ತಾರೆ. ನೀವು ಅಂದಾಜು ಪಟ್ಟಿ ತೆಗೆಯಿರಿ. ಸಾಮಾಜಿಕ ಅಧ್ಯಾಯದಲ್ಲಿ ಒಳ್ಳೆಯ ಮಾತುಗಳೆಲ್ಲ ಇರುತ್ತವೆ. ಗುತ್ತಿಗೆದಾರ ನೋಡುವುದು ಅಂದಾಜು ಪಟ್ಟಿಯನ್ನು ಮಾತ್ರ. ಜಾಲಿ ತೆಗೆಯುವುದು, ಹೂಳೆತ್ತುವುದು, ಏರಿಗೆ ಕಲ್ಲು ಹೊದಿಸುವುದು, ತೂಬು ದುರಸ್ತಿ ಅಂತ ಸಾಲಾಗಿ ಇರುತ್ತವೆ. ಪ್ರತಿ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ನಾಲ್ಕು ಪ್ರಶ್ನೆ ಬರೆಯಿರಿ. ಈ ಕೆಲಸ ಯಾರು ಮಾಡುತ್ತಾರೆ? ಲಾಭ ಯಾರಿಗೆ? ಇದರಿಂದ ಯಾರು ಏನು ಕಳೆದುಕೊಳ್ಳುತ್ತಾರೆ? ಮುಂದೆ ನೋಡಿಕೊಳ್ಳುವವರು ಯಾರು? ಉತ್ತರ ಗೊತ್ತಿಲ್ಲದ ಕಡೆ ಖಾಲಿ ಬಿಡಿ. ಆ ಖಾಲಿ ಜಾಗಗಳೇ ನೀವು ಊರಲ್ಲಿ ಕೇಳಬೇಕಾದ ಪ್ರಶ್ನೆಗಳ ಪಟ್ಟಿ.

ತಡವಾಗಿ ಸೇರಿದ್ದೀರಾ, ಟೆಂಡರ್ ಆಗಿಹೋಗಿದೆಯಾ? ಆಗಲೂ ಕೈಯಲ್ಲಿ ಸ್ವಲ್ಪ ಉಳಿದಿರುತ್ತದೆ. ಹೂಳು ಹಂಚುವ ಕ್ರಮ, ಸಮಿತಿಯ ನಿಯಮ, ತರಬೇತಿ, ನಿರ್ವಹಣೆಯ ಹಣ, ಮೀನು ಹಕ್ಕು. ಇವು ಸಾಮಾನ್ಯವಾಗಿ ಕೊನೆಯವರೆಗೂ ತೀರ್ಮಾನ ಆಗಿರುವುದಿಲ್ಲ.

ಊರಲ್ಲಿ ಯಾರನ್ನು, ಯಾವಾಗ, ಎಲ್ಲಿ ಕೇಳುವುದು

ಬೆಳಿಗ್ಗೆ ಹನ್ನೊಂದಕ್ಕೆ ದೇವಸ್ಥಾನದ ಮುಂದೆ ಸಭೆ ಅಂದರೆ ಅದು ಅಧಿಕಾರಿಗಳಿಗೆ ಅನುಕೂಲ. ಆ ಹೊತ್ತಿಗೆ ಕೂಲಿ ಹೆಂಗಸರು ಹೊಲದಲ್ಲಿರುತ್ತಾರೆ. ದೇವಸ್ಥಾನದ ಜಗುಲಿಗೆ ದಲಿತ ಕೇರಿಯವರು ಹತ್ತದ ಊರುಗಳು ಇವತ್ತಿಗೂ ಇವೆ. ಅರಳಿಕಟ್ಟೆ ಮೇಲೆ ಮಾವ ಕೂತಿದ್ದರೆ ಸೊಸೆ ಅತ್ತ ಬರುವುದೂ ಇಲ್ಲ, ಬಂದರೆ ಬಾಯಿ ಬಿಡುವುದೂ ಇಲ್ಲ. ಹಾಗಾಗಿ ಸಭೆಯ ಜಾಗ ಮತ್ತು ಹೊತ್ತನ್ನು ಹೆಂಗಸರನ್ನೇ ಕೇಳಿ ಗೊತ್ತುಮಾಡಿ. ಅಂಗನವಾಡಿ ಅಂಗಳ, ಡೈರಿ ಹತ್ತಿರ, ಶಾಲೆ ಬಿಟ್ಟ ಮೇಲಿನ ಹೊತ್ತು. ಒಂದೊಂದು ಊರಲ್ಲಿ ಒಂದೊಂದು ರೀತಿ. ಕಳೆ ತೆಗೆಯುವ ವಾರದಲ್ಲಿ, ಕೊಯ್ಲಿನ ವಾರದಲ್ಲಿ ಹೋಗಲೇಬೇಡಿ.

‘ಊರಿನ ಮಹಿಳೆಯರು’ ಅಂತ ಒಂದು ಗುಂಪು ಇಲ್ಲ. ಅಚ್ಚುಕಟ್ಟಿನಲ್ಲಿ ಎರಡೆಕರೆ ಗದ್ದೆ ಇರುವ ಮನೆಯ ಯಜಮಾನತಿಗೆ ಕೆರೆ ಬೇಕಾಗಿರುವುದು ಒಂದಕ್ಕೆ, ಗೊಲ್ಲರ ಹಟ್ಟಿಯ ಕುರಿ ಕಾಯುವವಳಿಗೆ ಇನ್ನೊಂದಕ್ಕೆ. ತಾಂಡಾದ ಹೆಂಗಸರು ಕಬ್ಬು ಕಡಿಯಲು ವಲಸೆ ಹೋಗಿದ್ದರೆ ನಿಮ್ಮ ಸಭೆಯಲ್ಲಿ ಅವರ ಸುದ್ದಿಯೇ ಬರುವುದಿಲ್ಲ. ಕೇರಿ, ಹಟ್ಟಿ, ತಾಂಡಾಗಳಿಗೆ ಬೇರೆ ಬೇರೆಯಾಗಿ ಹೋಗಿ. ಗಂಡ ತೀರಿಕೊಂಡವರು, ಗಂಡ ಬಿಟ್ಟವರು ಇರುವ ಮನೆಗಳನ್ನು ಆಶಾ ಕಾರ್ಯಕರ್ತೆಯ ಸಹಾಯದಿಂದ ಗುರುತಿಸಿ ಮನೆಗೇ ಹೋಗಿ ಮಾತಾಡಿಸಿ. ಬರೀ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆಯನ್ನು ಮಾತಾಡಿಸಿ ವಾಪಸ್ ಬಂದರೆ ಅರ್ಧ ಊರು ತಪ್ಪಿಹೋಗುತ್ತದೆ.

ಕೂತು ಕೇಳುವುದಕ್ಕಿಂತ ಜೊತೆಗೆ ನಡೆಯುವುದು ಒಳ್ಳೆಯದು. ಕೆರೆ ಅಂಗಳದಲ್ಲಿ ಒಂದು ಸುತ್ತು ಹಾಕಿ. ಬಳ್ಳಾರಿ ಜಾಲಿ ಪೊದೆಯ ನಡುವೆ ಮಚ್ಚು ಹಿಡಿದು ಸೌದೆ ಕಡಿಯುತ್ತಿದ್ದ ಒಬ್ಬ ಅಕ್ಕ ಹೀಗೆ ನಡೆಯುವಾಗ ನನಗೆ ಸಿಕ್ಕಿದ್ದರು. ಕೈಗೆ ಮುಳ್ಳು ಚುಚ್ಚದಿರಲಿ ಅಂತ ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದರು. ಕೆರೆ ಸ್ವಚ್ಛ ಮಾಡುತ್ತಾರಂತೆ, ಏನಂತೀರಾ ಅಂತ ಕೇಳಿದೆ. “ಕೆರೆ ಚೊಕ್ಕ ಆದ್ರೆ ಒಳ್ಳೇದೇ ಕಣಮ್ಮ. ಆದ್ರೆ ಸೌದೆಗೆ ನಾವೆಲ್ಲಿಗೆ ಹೋಗಾನ?” ಅಂದರು. ಮನೆಯಲ್ಲಿ ಗ್ಯಾಸ್ ಇತ್ತು. ಸಿಲಿಂಡರ್ ತುಂಬಿಸಲು ಪ್ರತಿ ತಿಂಗಳು ದುಡ್ಡು ಇರುತ್ತಿರಲಿಲ್ಲ. ಅಷ್ಟು ದಿನ ನಡೆದ ಯಾವ ಸಭೆಯಲ್ಲೂ ಈ ಮಾತು ಬಂದಿರಲಿಲ್ಲ. ಜಾಲಿ ತೆಗೆಯುವುದು ಎಲ್ಲರಿಗೂ ಒಳ್ಳೆಯ ಕೆಲಸ ಅಂತಲೇ ಅಂದಾಜು ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿತ್ತು.

ಏನು ಕೇಳುವುದು

“ನೀವು ಕೆಲಸ ಮಾಡ್ತೀರಾ?” ಅಂತ ಕೇಳಿದರೆ “ಇಲ್ಲ, ಮನೇಲೇ ಇರ್ತೀನಿ” ಅನ್ನುವ ಉತ್ತರ ಬರುತ್ತದೆ. ಅದರ ಬದಲು “ನಿನ್ನೆ ಎದ್ದ ಮೇಲೆ ಮೊದಲು ಏನು ಮಾಡಿದ್ರಿ? ಆಮೇಲೆ?” ಅಂತ ಒಂದೊಂದೇ ಗಂಟೆ ಹಿಡಿದು ಹೋಗಿ. ಚಾರ್ಟ್ ಹಾಳೆ ಮೇಲೆ ಎರಡು ಗಡಿಯಾರ ಬರೆಯಿರಿ, ಒಂದು ಹೆಂಡತಿಯದು, ಒಂದು ಗಂಡನದು. ಬೇಸಿಗೆಗೆ ಒಂದು ಜೋಡಿ, ಮಳೆಗಾಲಕ್ಕೆ ಒಂದು ಜೋಡಿ. ಗಂಡಸರ ಗುಂಪಿನ ಮುಂದೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅವರೇ ಮಾತು ಶುರುಮಾಡುತ್ತಾರೆ. ದೇಶದ ಲೆಕ್ಕವೂ ಇದೇ ಹೇಳುತ್ತದೆ. ರಾಷ್ಟ್ರೀಯ ಅಂಕಿಸಂಖ್ಯೆ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಹೊಸ ಯೋಜನೆಯೊಂದು ಹೆಂಗಸರಿಗೆ ಇನ್ನೊಂದು ಗಂಟೆ ಕೆಲಸ ಸೇರಿಸುತ್ತಿದ್ದರೆ ಅದು ಈ 289ರ ಮೇಲೆ ಬೀಳುತ್ತದೆ.

ಎರಡನೆಯದು ಬಳಕೆ ಮತ್ತು ಹಿಡಿತ. ಇವೆರಡೂ ಬೇರೆ ಬೇರೆ. ಮೇಕೆಯನ್ನು ಯಾರು ಮೇಯಿಸುತ್ತಾರೆ? ಮಾರುವಾಗ ದಲ್ಲಾಳಿ ಜೊತೆ ಯಾರು ಮಾತಾಡುತ್ತಾರೆ? ದುಡ್ಡು ಯಾರ ಕೈಗೆ ಬರುತ್ತದೆ, ಯಾರನ್ನು ಕೇಳಿ ಖರ್ಚಾಗುತ್ತದೆ? ಪಾಠಪುಸ್ತಕಗಳಲ್ಲಿ ಇದನ್ನು ಹಾರ್ವರ್ಡ್ ಚೌಕಟ್ಟು ಅನ್ನುತ್ತಾರೆ. ಹೆಂಗಸರ ಮೂರು ಬಗೆಯ ಹೊರೆಯನ್ನು, ಅಂದರೆ ಮನೆಯದು, ದುಡಿಮೆಯದು, ಊರಿನದು, ಲೆಕ್ಕ ಹಾಕುವ ಕ್ರಮವನ್ನು ಕ್ಯಾರೊಲಿನ್ ಮೋಸರ್ ಕೊಟ್ಟರು. ಎರಡನ್ನೂ ಓದಿಕೊಳ್ಳಿ, ಸಂದರ್ಶನದಲ್ಲಿ ಕೇಳುತ್ತಾರೆ. ಊರಲ್ಲಿ ಮಾತ್ರ ಮೇಕೆ, ಹಾಲು, ಹುಣಸೆಹಣ್ಣು ಅಂತಲೇ ಕೇಳಿ.

ಮೂರನೆಯದು ಹೆಸರು. ಅಚ್ಚುಕಟ್ಟಿನ ಪಹಣಿಗಳನ್ನು ತೆಗೆದು ಎಷ್ಟರಲ್ಲಿ ಹೆಂಗಸರ ಹೆಸರಿದೆ ಎಣಿಸಿ. 2015-16ರ ಕೃಷಿ ಗಣತಿಯಲ್ಲಿ ದೇಶದಾದ್ಯಂತ ಹೆಂಗಸರು ನಡೆಸುವ ಹಿಡುವಳಿ ಸುಮಾರು ಶೇ 14 ಮಾತ್ರ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೇ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲಿದೆ. ಆದರೂ ಪಹಣಿಯಲ್ಲಿ ಹೆಸರು ಬರುವುದು ಅಪರೂಪ. ಕೆರೆ ಸಂಘಕ್ಕೆ ‘ಪಹಣಿ ಇದ್ದವರು ಮಾತ್ರ ಸದಸ್ಯರು’ ಅನ್ನುವ ನಿಯಮ ಬಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ, ಅಲ್ವಾ?

ಗಂಡಸರನ್ನು ಬಿಡಬೇಡಿ. ಕುಡಿತ, ಸಾಲ, ವಲಸೆ, ಕೊಳವೆಬಾವಿ ಬತ್ತಿದ ಕಥೆ ಅವರ ಕಡೆಯಿಂದಲೂ ಕೇಳಬೇಕು. ಹೆಂಗಸರ ಜೊತೆ ಮಾತ್ರ ಕೆಲಸ ಮಾಡಿದರೆ ಮನೆಯೊಳಗೆ ಜಗಳಕ್ಕೆ ದಾರಿ ಮಾಡಿಕೊಟ್ಟಂತೆ.

ಕಂಡದ್ದನ್ನು ಅಂದಾಜು ಪಟ್ಟಿಗೆ ತರುವುದು

ಇದು ಎಲ್ಲಕ್ಕಿಂತ ಮುಖ್ಯ ಹಂತ. ಇದಕ್ಕೆ ಜಾಸ್ತಿ ಸಮಯ ಇಟ್ಟುಕೊಳ್ಳಿ.

ಬಟ್ಟೆ ಒಗೆಯುವ ಮೆಟ್ಟಿಲನ್ನೇ ತೆಗೆದುಕೊಳ್ಳಿ. ಏರಿಯ ಒಳಮೈಗೆ ಕಲ್ಲು ಹೊದಿಸಿದರೆ ಏರಿ ಗಟ್ಟಿಯಾಗುತ್ತದೆ. ಆದರೆ ಒದ್ದೆ ಬಟ್ಟೆಯ ಗಂಟು ಹೊತ್ತವಳು ಆ ಇಳಿಜಾರಿನ ಕಲ್ಲುಗಳ ಮೇಲೆ ಹತ್ತಿಳಿಯುವುದು ಹೇಗೆ? ‘ಮಹಿಳೆಯರ ಅನುಕೂಲಕ್ಕೆ ಗಮನ ಕೊಡಬೇಕು’ ಅಂತ ವರದಿಯಲ್ಲಿ ಬರೆದರೆ ಇಂಜಿನಿಯರಿಗೆ ಅದರಿಂದ ಏನೂ ಮಾಡಲಾಗುವುದಿಲ್ಲ. ಈಗ ಹೆಂಗಸರು ಎಲ್ಲಿ ಇಳಿಯುತ್ತಾರೋ ಆ ಜಾಗ ತೋರಿಸಿ. ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಇಳಿಯುತ್ತದೆ ಅಂತ ಅವರಿಂದಲೇ ಗುರುತು ಮಾಡಿಸಿ, ಮೆಟ್ಟಿಲು ಅಲ್ಲಿಯತನಕ ಹೋಗಬೇಕು. ಮೆಟ್ಟಿಲಿನ ಎತ್ತರ ಕಡಿಮೆ ಇರಲಿ, ತುಳಿಯುವ ಜಾಗ ಅಗಲ ಇರಲಿ, ಕೆಳಗೆ ಒಗೆಯಲು ಚಪ್ಪಡಿ ಇರಲಿ. ಕುಡಿಯುವ ನೀರಿನ ಬಾವಿ ಹತ್ತಿರವಿದ್ದರೆ ಅಲ್ಲಿಂದ ದೂರ ಇರಲಿ. ಈ ವಿವರ ಕೈಗೆ ಬಂದರೆ ಇಂಜಿನಿಯರ್ ನಕ್ಷೆ ಬರೆಯುತ್ತಾರೆ, ಪರಿಮಾಣ ಹಾಕುತ್ತಾರೆ, ದರಪಟ್ಟಿ ನೋಡಿ ಮೊತ್ತ ಹಾಕುತ್ತಾರೆ. ಆಗ ಅದು ಆಗುತ್ತದೆ.

ಹೂಳು ಇನ್ನೊಂದು. ಕೆರೆಗೋಡು ಹೊಲಕ್ಕೆ ಒಳ್ಳೆಯ ಗೊಬ್ಬರ. ಹೂಳು ಉಚಿತ, ಸಾಗಿಸುವ ಖರ್ಚು ರೈತರದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಟ್ರ್ಯಾಕ್ಟರ್ ಇದ್ದವರು, ಬಾಡಿಗೆ ಕೊಡಬಲ್ಲವರು ಮೊದಲ ವಾರದಲ್ಲೇ ಒಳ್ಳೆಯ ಮಣ್ಣು ತುಂಬಿಕೊಂಡು ಹೋಗುತ್ತಾರೆ. ಒಂಟಿ ಹೆಂಗಸಿನ ಅರ್ಧ ಎಕರೆಗೆ ಉಳಿಯುವುದು ಮರಳು. ಪರಿಹಾರ ಕಷ್ಟದ್ದಲ್ಲ. ಹೂಳಿಗೆ ಹೆಸರು ಬರೆಸುವ ಪುಸ್ತಕ ಮೊದಲೇ ತೆರೆಯಲಿ. ಸಣ್ಣ ಹಿಡುವಳಿಗೆ, ಹೆಂಗಸರೇ ನಡೆಸುವ ಮನೆಗಳಿಗೆ ಮೊದಲ ದಿನಗಳು ಮೀಸಲಿರಲಿ. ಇಂತಿಷ್ಟು ಲೋಡಿನ ಸಾಗಣೆ ಖರ್ಚು ಯೋಜನೆಯದೇ ಇರಲಿ. ಇದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಸಾಗಣೆ ಖರ್ಚನ್ನು ಅಂದಾಜು ಪಟ್ಟಿಗೆ ಸೇರಿಸಿ.

ಜಾಲಿಯ ವಿಷಯಕ್ಕೆ ಬನ್ನಿ. ಜಾಲಿ ತೆಗೆಯಬಾರದು ಅಂತ ಯಾರೂ ಹೇಳುತ್ತಿಲ್ಲ, ಆ ಅಕ್ಕನೂ ಹೇಳಲಿಲ್ಲ. ಆದರೆ ಕಡಿದ ಸೌದೆ ಗುತ್ತಿಗೆದಾರನ ಲಾರಿಗೆ ಹೋಗಬೇಕಾಗಿಲ್ಲ. ಇಷ್ಟು ವರ್ಷ ಅಲ್ಲಿ ಕಡಿದು ತಂದ ಮನೆಗಳಿಗೆ ಹಂಚಬಹುದು. ಒಮ್ಮೆಗೇ ಎಲ್ಲ ಬಳಿಯುವ ಬದಲು ಎರಡು ಮೂರು ಹಂತದಲ್ಲಿ ತೆಗೆಯಬಹುದು. ಗುಂಡುತೋಪಿನಲ್ಲಿ ಹೊಂಗೆ, ಹುಣಸೆ ಜೊತೆ ಸೌದೆಗೆ, ಮೇವಿಗೆ ಆಗುವ ಗಿಡ ನೆಟ್ಟು, ರೆಂಬೆ ಕಡಿಯುವ ಹಕ್ಕು ಯಾರಿಗೆ ಅಂತ ಮೊದಲೇ ಬರೆದಿಡಬಹುದು. ಯಾವ ಗಿಡ ನೆಡಬೇಕು ಅನ್ನುವ ಪಟ್ಟಿಯನ್ನು ಹೆಂಗಸರಿಂದಲೂ ಗಂಡಸರಿಂದಲೂ ಬೇರೆ ಬೇರೆಯಾಗಿ ಬರೆಸಿ ನೋಡಿ. ಎರಡೂ ಪಟ್ಟಿ ಒಂದೇ ಆಗಿರುವುದು ಕಡಿಮೆ.

ಕೂಲಿ ಕೆಲಸ ಇದ್ದಲ್ಲಿ ಕಾನೂನು ನಿಮ್ಮ ಕಡೆ ಇದೆ. 2005ರ ಉದ್ಯೋಗ ಖಾತರಿ ಕಾಯ್ದೆ ಬಂದಾಗಲೇ ಫಲಾನುಭವಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು, ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಕೆಲಸದ ಜಾಗಕ್ಕೆ ಬಂದರೆ ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು ಅಂತ ಬರೆದಿತ್ತು. ಯಾವ ಯೋಜನೆಯ ಕೆಲಸವಾದರೂ ಇದನ್ನೇ ಅಳತೆಗೋಲು ಮಾಡಿಕೊಳ್ಳಿ. ನೆರಳು, ಕುಡಿಯುವ ನೀರು, ಹೆಂಗಸರಿಗೆ ಮರೆ, ಮಗು ನೋಡಿಕೊಳ್ಳುವವರ ಕೂಲಿ. ಇವೆಲ್ಲಕ್ಕೂ ಅಂದಾಜಿನಲ್ಲಿ ಸಾಲು ಬೇಕು.

ತರಬೇತಿಯ ಬಗ್ಗೆ ಒಂದು ಮಾತು. ಅಂಕೋಲಾ ತಾಲ್ಲೂಕಿನ ತುಳಸಿ ಗೌಡ ಅವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಬೆರಗಾದರು. ಅವರು ದಶಕಗಳ ಕಾಲ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡಿದವರು. ಯಾವ ಮರದಿಂದ, ಯಾವಾಗ ಬೀಜ ತೆಗೆಯಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನಿಮ್ಮ ಯೋಜನೆಯ ನರ್ಸರಿಯಲ್ಲೂ ಚೀಲಕ್ಕೆ ಮಣ್ಣು ತುಂಬುವ ಹೆಂಗಸರಲ್ಲಿ ಇಂಥ ಅರಿವು ಇರುವವರು ಇರುತ್ತಾರೆ. ಅವರನ್ನು ತರಬೇತಿ ಕೊಡುವವರ ಪಟ್ಟಿಗೆ ಸೇರಿಸಿ, ಗೌರವಧನ ಕೊಡಿಸಿ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು. ಸಿರಿಧಾನ್ಯದ ಬೀಜ ಉಳಿಸುವುದು, ಸಂಸ್ಕರಿಸುವುದು, ಮಾರುವುದು ಮೂರನ್ನೂ ಹೆಂಗಸರೇ ಮಾಡಿದ್ದಾರೆ. ಹೆಂಗಸರಿಗೆ ಜೀವನೋಪಾಯ ಅಂದರೆ ಉಪ್ಪಿನಕಾಯಿ, ಹಪ್ಪಳ, ಹೊಲಿಗೆ ಯಂತ್ರ ಅಂತ ಮುಗಿಸುವವರಿಗೆ ಈ ಸಂಘವನ್ನು ತೋರಿಸಬೇಕು.

ಸಮಿತಿ

ಜಲ ಜೀವನ್ ಮಿಷನ್‌ನ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಪ್ರತಿ ಹಳ್ಳಿಯ ಐದು ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಬೇಕು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರು, ಗ್ರಾಮಸಭೆಯ ಕೋರಂನಲ್ಲೂ ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ದಂಪತಿಯಾಗಿದ್ದರೆ ಅರಣ್ಯ ಭೂಮಿಯ ಹಕ್ಕುಪತ್ರ ಇಬ್ಬರ ಹೆಸರಲ್ಲೂ ಆಗಬೇಕು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಅವರದು. ಈ ನಿಯಮಗಳ ಪ್ರತಿಗಳು ನಿಮ್ಮ ಬ್ಯಾಗಿನಲ್ಲಿರಲಿ.

ಸಂಖ್ಯೆಗೂ ಬೆಲೆ ಇದೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಗುಜರಾತ್ ಮತ್ತು ನೇಪಾಳದ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿದ್ದಾರೆ. ಸಮಿತಿಯಲ್ಲಿ ಹೆಂಗಸರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಾದ ಮೇಲೆ ಅವರು ಸಭೆಗೆ ಬರುವುದೂ ಬಾಯಿ ಬಿಡುವುದೂ ಗಮನಕ್ಕೆ ಬರುವಷ್ಟು ಜಾಸ್ತಿಯಾಗುತ್ತದೆ ಎಂದು ಅವರು ತೋರಿಸಿದರು. ಒಬ್ಬರನ್ನೋ ಇಬ್ಬರನ್ನೋ ಸುಮ್ನೆ ಸೇರಿಸಿದರೆ ಅವರು ಮೂಲೆಯಲ್ಲಿ ಕೂತು ಸಹಿ ಹಾಕಿ ಎದ್ದು ಹೋಗುತ್ತಾರೆ.

ಆದರೂ ಹಾಜರಿ ಪುಸ್ತಕ ನಂಬಬೇಡಿ. ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸುವ ರೂಢಿ ಎಲ್ಲ ಕಡೆ ಇದೆ. ನಡಾವಳಿ ಓದಿ. ಯಾವ ವಿಷಯವನ್ನು ಯಾರು ಎತ್ತಿದರು ಅಂತ ಅದರಲ್ಲಿ ಬರೆದಿದೆಯಾ? ಬರೆಯುವ ಪದ್ಧತಿ ಮಾಡಿಸಿ. ಬ್ಯಾಂಕ್ ಖಾತೆಗೆ ಜಂಟಿ ಸಹಿಯಲ್ಲಿ ಒಬ್ಬ ಮಹಿಳಾ ಸದಸ್ಯೆ ಇರಲೇಬೇಕು ಅಂತ ಬೈಲಾದಲ್ಲಿ ಸೇರಿಸಿ, ಚೆಕ್ ಪುಸ್ತಕ ಓದುವುದನ್ನು ಕಲಿಸಿ. ಒಂದು ಮನೆಗೆ ಒಂದೇ ಸದಸ್ಯತ್ವ ಅನ್ನುವ ನಿಯಮವಿದ್ದರೆ ಗಂಡ ಹೆಂಡತಿ ಇಬ್ಬರಿಗೂ ಸಿಗುವಂತೆ ಬದಲಿಸಲು ಪಟ್ಟು ಹಿಡಿಯಿರಿ. ಜಮೀನಿಲ್ಲದ ಮನೆಗಳಿಗೂ ಸದಸ್ಯತ್ವ ಬೇಕು. ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕೂತರೆ, ಸಭೆ ಶುರುಮಾಡುವ ಮೊದಲೇ “ಅಣ್ಣಾ, ಅಕ್ಕನೇ ಬರಲಿ, ಕಾಯ್ತೀವಿ” ಅಂತ ಮರ್ಯಾದೆಯಿಂದ ಹೇಳಿ ನಿಜವಾಗಿಯೂ ಕಾಯಿರಿ.

ಇಂಜಿನಿಯರ್, ಅಧಿಕಾರಿಗಳ ಜೊತೆ

ಇಂಜಿನಿಯರುಗಳು ಎದುರಾಳಿಗಳಲ್ಲ. ಅವರಿಗೆ ಗಡುವಿದೆ, ಬಿಲ್ಲಿನ ಒತ್ತಡವಿದೆ. ‘ಸಬಲೀಕರಣ’ ಅನ್ನುವ ಮಾತಿನಿಂದ ಅವರ ಜೊತೆ ಸಂಭಾಷಣೆ ಮುಂದೆ ಹೋಗುವುದಿಲ್ಲ. ಕಟ್ಟಿದ್ದು ಬಳಕೆಗೆ ಬರುತ್ತದಾ ಇಲ್ಲವಾ ಅನ್ನುವ ಪ್ರಶ್ನೆ ಅವರಿಗೂ ಮುಖ್ಯ. ಅಲ್ಲಿಂದ ಶುರುಮಾಡಿ.

ನಾನು ಸಾಮಾನ್ಯವಾಗಿ ಹೇಳುವ ಕಥೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಮುಂತಾದವರು ಕಟ್ಟಿದ ‘ಅಸ್ತ್ರ’ ಕೇಂದ್ರ ಅಲ್ಲಿ ಊರಿಗೆಲ್ಲ ಒಂದು ಗೋಬರ್ ಗ್ಯಾಸ್ ಘಟಕ ಮಾಡಿತು. ಅಡುಗೆಗೆ ಗ್ಯಾಸ್ ಕೊಡುವ ಮೊದಲ ಪ್ರಯತ್ನ ನಿಲ್ಲಲಿಲ್ಲ. ಆಮೇಲೆ 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಮನೆ ಹತ್ತಿರ ನಲ್ಲಿ ನೀರು ಮತ್ತು ಮನೆಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ಅಲ್ಲೇ ಹಣ ಲೆಕ್ಕ ಹಾಕಿದರು. ಅದು ವರ್ಷಗಟ್ಟಲೆ ನಡೆಯಿತು. ತಂತ್ರಜ್ಞಾನ ಅದೇ, ಊರು ಅದೇ. ಜನರಿಗೆ, ಅದರಲ್ಲೂ ನೀರು ಹೊರುವವರಿಗೆ, ಮೊದಲು ಬೇಕಾಗಿದ್ದು ಸಿಕ್ಕಾಗ ಕೆಲಸ ನಡೆಯಿತು. ಈ ಕಥೆ ಕೇಳಿದ ಇಂಜಿನಿಯರುಗಳು ತಮ್ಮ ತಾಲ್ಲೂಕಿನ ಇಂಥದ್ದೇ ಕಥೆ ಹೇಳಲು ಶುರುಮಾಡುತ್ತಾರೆ.

ಬರೆಯುವಾಗ ಚಿಕ್ಕದಾಗಿ ಬರೆಯಿರಿ. ನೂರು ಪುಟದ ವರದಿ ಸಲ್ಲಿಸಲೇಬೇಕಾಗುತ್ತದೆ, ಸಲ್ಲಿಸಿ. ಅದರ ಜೊತೆ ಒಂದೇ ಪುಟದ ಪಟ್ಟಿ ಕೊಡಿ: ಯಾವ ಸಾಲು, ಏನು ಬದಲಾವಣೆ, ಎಷ್ಟು ಖರ್ಚು, ಯಾರ ಜವಾಬ್ದಾರಿ, ಯಾವ ತಿಂಗಳು. ಜೆಂಡರ್ ಕ್ರಿಯಾ ಯೋಜನೆ ಅಂದರೆ ಇದೇ. ಹಣದ ಕಾಲಂ ಖಾಲಿ ಬಿಟ್ಟ ಕ್ರಿಯಾ ಯೋಜನೆಗೆ ಸಹಿ ಹಾಕಬೇಡಿ. ಇಲಾಖೆಯವರು ಹಣ ಇಲ್ಲ ಅಂದರೆ ಜೆಂಡರ್ ಬಜೆಟ್ ದಾಖಲೆ, ಅಂದರೆ ಬಜೆಟಿನಲ್ಲಿ ಹೆಂಗಸರಿಗೆ ಎಷ್ಟು ಹಣ ಅಂತ ತೋರಿಸುವ ಕಾಗದ, ತೆಗೆಯಿರಿ. ಕೇಂದ್ರದಲ್ಲಿ 2005-06ರಿಂದ, ಕರ್ನಾಟಕದಲ್ಲಿ 2007-08ರಿಂದ ಅದು ಬರುತ್ತಿದೆ. ಅವರ ಇಲಾಖೆಯೇ ಅದರಲ್ಲಿ ಏನು ಬರೆದುಕೊಟ್ಟಿದೆ ಅಂತ ಓದಿ ತೋರಿಸಿ.

ಹಾನಿ ಆಗದಂತೆ

ಯೋಜನೆ ಬಂದಾಗ ಹೊರಗಿನ ಕೂಲಿಯವರು, ಯಂತ್ರದವರು, ಮೇಸ್ತ್ರಿಗಳು ಊರಿಗೆ ಬರುತ್ತಾರೆ. ಕಿರುಕುಳ ಆದರೆ ಯಾರಿಗೆ ಹೇಳಬೇಕು ಅನ್ನುವುದು ಕೆಲಸ ಶುರುವಾಗುವ ಮೊದಲೇ ಗೊತ್ತಿರಬೇಕು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಮತ್ತು ಹೆಚ್ಚು ಜನ ಇರುವ ಕಚೇರಿಗೆ ಆಂತರಿಕ ಸಮಿತಿ ಬೇಕು. ಅದಿಲ್ಲದ ಕಡೆಯ ಕೂಲಿ ಹೆಂಗಸರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ವಿಳಾಸ, ಫೋನ್ ನಂಬರ್ ಕೆಲಸದ ಜಾಗದ ಫಲಕದಲ್ಲಿ ಬರೆಸಿ.

ಊರಲ್ಲಿ ಯಾರಾದರೂ ಹೊಡೆತ ಬಡಿತದ ವಿಷಯ ಹೇಳಿಕೊಂಡರೆ ಅದು ನಿಮ್ಮ ವರದಿಯ ‘ಕೇಸ್ ಸ್ಟಡಿ’ ಅಲ್ಲ. ಹೆಸರು, ಊರು, ಫೋಟೋ ಯಾವುದೂ ಬೇಡ. ಮಹಿಳಾ ಸಹಾಯವಾಣಿ 181, ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರದ ಮಾಹಿತಿ ಕೊಟ್ಟು, ಅವರು ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ ಇಡಿ. ನೀವು ಸಂಜೆ ಜೀಪು ಹತ್ತಿ ಹೋಗುತ್ತೀರಿ. ಅವರು ಅದೇ ಮನೆಯಲ್ಲಿರಬೇಕು.

ಲೆಕ್ಕ ಇಡುವುದು

‘ಎಷ್ಟು ಮಹಿಳೆಯರು ಭಾಗವಹಿಸಿದ್ದರು’ ಅನ್ನುವ ಸೂಚಕ ಎಲ್ಲ ಕಡೆ ಇದೆ. ಅದರ ಪಕ್ಕ ಬೇರೆ ಕೆಲವು ಸೇರಿಸಿ. ಹೂಳಿನ ಎಷ್ಟು ಲೋಡು ಯಾರ ಹೊಲಕ್ಕೆ ಹೋಯಿತು, ಸೌದೆಗೆ ಎಷ್ಟು ದೂರ ಹೋಗುತ್ತಿದ್ದಾರೆ, ನೀರಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಮೀನಿನ ಹರಾಜಿನಲ್ಲಿ ಹೆಂಗಸರ ಸಂಘ ಕೂಗಿತೇ. ಶುರುವಿನಲ್ಲಿ ಅಳೆಯದಿದ್ದರೆ ಕೊನೆಯಲ್ಲಿ ಹೋಲಿಸಲು ಏನೂ ಇರುವುದಿಲ್ಲ. ಆದ್ದರಿಂದ ಬೇಸ್‌ಲೈನ್ ಪ್ರಶ್ನಾವಳಿ ಅಂತಿಮವಾಗುವ ದಿನ ನೀವು ಆ ಕೋಣೆಯಲ್ಲಿರಬೇಕು. ‘ಕುಟುಂಬದ ಮುಖ್ಯಸ್ಥರು’ ಒಬ್ಬರನ್ನೇ ಕೇಳುವ ಪ್ರಶ್ನಾವಳಿಯಾದರೆ ಅಲ್ಲೇ ತಡೆಯಿರಿ.

ಈ ಕೆಲಸಕ್ಕೆ ಬರುವವರಿಗೆ

ಮಹಿಳಾ ಅಧ್ಯಯನದ ಪದವಿ ಇದ್ದರೆ ಒಳ್ಳೆಯದು, ಅದೊಂದೇ ದಾರಿಯಲ್ಲ. ನೀರು, ಕಾಡು, ಕೃಷಿ, ಇಂಧನ, ಇವುಗಳಲ್ಲಿ ಒಂದನ್ನಾದರೂ ಗಟ್ಟಿಯಾಗಿ ತಿಳಿದುಕೊಳ್ಳಿ. ತೂಬು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದವರ ಮಾತನ್ನು ಕೆರೆ ಯೋಜನೆಯ ತಂಡ ಕೇಳುವುದಿಲ್ಲ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಹತ್ತಿರದ ಕೋರ್ಸುಗಳಿವೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಲ್ಲಿ ಪಂಚಾಯಿತಿ ತರಬೇತಿ ನಡೆಯುತ್ತದೆ. ಹವಾಮಾನದ ಕಡೆ ಹೋಗುವವರು ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಡಿ ಬಂದ 2014ರ ಲಿಮಾ ಜೆಂಡರ್ ಕಾರ್ಯಕ್ರಮ, 2017ರ ಮೊದಲ ಜೆಂಡರ್ ಕ್ರಿಯಾ ಯೋಜನೆ ಎರಡನ್ನೂ ಓದಿರಬೇಕು. ಓದಿನ ಜೊತೆ ಒಂದೆರಡು ವರ್ಷ ಯಾವುದಾದರೂ ಸಂಸ್ಥೆಯಲ್ಲಿ ಕ್ಷೇತ್ರ ಕೆಲಸ ಮಾಡಿ. ಕರ್ನಾಟಕದಲ್ಲಿ 1989ರಲ್ಲಿ ಶುರುವಾದ, ಹಳ್ಳಿ ಹೆಂಗಸರ ಶಿಕ್ಷಣ ಮತ್ತು ಸಂಘಟನೆಯ ಸರ್ಕಾರಿ ಕಾರ್ಯಕ್ರಮ ಮಹಿಳಾ ಸಮಖ್ಯದಲ್ಲಿ ದುಡಿದ ಹಿರಿಯರು ನಿಮ್ಮ ಜಿಲ್ಲೆಯಲ್ಲಿದ್ದರೆ ಹುಡುಕಿಕೊಂಡು ಹೋಗಿ ಮಾತಾಡಿಸಿ. ಊರಲ್ಲಿ ಹೇಗೆ ಕೂತು ಕೇಳಬೇಕು ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಕೈಪಿಡಿಯಲ್ಲೂ ಇಲ್ಲ. ಗಂಡಸರೂ ಈ ಕೆಲಸ ಮಾಡಬಹುದು, ಬರಬೇಕು ಕೂಡ. ಆದರೆ ಜೊತೆಗೆ ಒಬ್ಬ ಮಹಿಳಾ ಸಹೋದ್ಯೋಗಿ ಇರಲಿ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೆಲಸದ ವಿವರ ಓದಿ. ಹಳ್ಳಿಯಲ್ಲಿ ಎಷ್ಟು ದಿನ ಇರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ಕೂತಲ್ಲೇ ವರದಿ ಬರೆಸುವ ಒಪ್ಪಂದಗಳು ಬಹಳ ಇವೆ. ಕರಡು ಅಂದಾಜು ಪಟ್ಟಿ ನಿಮ್ಮ ಕೈಗೆ ಬರಬೇಕು, ಮಂಜೂರಾತಿಗೆ ಮೊದಲು ನಿಮ್ಮ ಅಭಿಪ್ರಾಯ ಪಡೆಯಬೇಕು ಅನ್ನುವ ಒಂದು ಷರತ್ತು ಸೇರಿಸಲು ಕೇಳಿ. ಸಂಬಳದ ಮೊತ್ತಕ್ಕಿಂತ ಈ ಷರತ್ತಿನ ಬಗ್ಗೆ ನಾನು ಜಾಸ್ತಿ ಹೊತ್ತು ಮಾತಾಡುತ್ತೇನೆ. ಓಡಾಟದ ವಾಹನ, ತಂಗುವ ಜಾಗ, ಕ್ಷೇತ್ರದಲ್ಲಿ ಜೊತೆಗಿರುವ ಸಹಾಯಕಿಯ ಸಂಬಳ ಇವೂ ಕಾಗದದ ಮೇಲಿರಲಿ.

ಇ­ನ್ನೂ ಕೆಲಸಕ್ಕೆ ಸೇರದವರು ಈ ವಾರವೇ ಶುರುಮಾಡಬಹುದು. ನಿಮ್ಮೂರಿನ ಅಥವಾ ಪಕ್ಕದ ಊರಿನ ಗ್ರಾಮ ಪಂಚಾಯಿತಿಗೆ ಹೋಗಿ, ಈ ವರ್ಷದ ಕ್ರಿಯಾ ಯೋಜನೆಯಲ್ಲಿರುವ ಯಾವುದಾದರೂ ಒಂದು ನೀರಿನ ಕಾಮಗಾರಿಯ ಅಂದಾಜು ಪಟ್ಟಿ ಕೇಳಿ. ಪಿಡಿಒ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅದನ್ನು ಹಿಡಿದುಕೊಂಡು ಆ ಜಾಗಕ್ಕೆ ಹೋಗಿ, ನೀರು ತರಲು ಬಂದವರ ಜೊತೆ ನಡೆಯಿರಿ. ಬದಲಿಸಬೇಕಾದ ಸಾಲುಗಳನ್ನು ಒಂದು ಪುಟದಲ್ಲಿ ಬರೆದು ಮುಂದಿನ ಮಹಿಳಾ ಗ್ರಾಮಸಭೆಗೆ ತೆಗೆದುಕೊಂಡು ಹೋಗಿ. ಸಂದರ್ಶನಕ್ಕೆ ಹೋದಾಗ ಆ ಪುಟವನ್ನು ಪ್ರಮಾಣಪತ್ರಗಳ ಮೇಲೆ ಇಡಿ.